ಮರುಪತ್ರಗಳಿಲ್ಲದ ಪತ್ರವ್ಯವಹಾರ: ಇಕ್ಬಾಲರು ಜಿನ್ನಾ ಅವರಿಗೆ ಬರೆದ ಕಾಗದಗಳು

ಪತ್ರವು ಇಬ್ಬರು ಸೇರಿ ಮಾಡುವ ಕೃತಿ. ಬರೆಯುವ ಕೈ ಒಂದೇ ಆದರೂ, ಯಾರಿಗಾಗಿ ಬರೆಯಲಾಯಿತೋ ಅವರ ಸ್ವಭಾವ, ಅವರ ಸ್ಥಾನ, ಅವರಿಂದ ನಿರೀಕ್ಷಿಸುವ ಉತ್ತರ ಇವೆಲ್ಲವೂ ಒಂದೊಂದು ವಾಕ್ಯದ ಮೇಲೂ ತಮ್ಮ ನೆರಳನ್ನು ಚೆಲ್ಲಿರುತ್ತವೆ. ಮಕ್ಕಳಿಗೆ ಪತ್ರಲೇಖನವನ್ನು ಕಲಿಸುವಾಗ ನಾವು ಮೊದಲು ಹೇಳಿಕೊಡುವುದು ಸ್ಥಳ ಮತ್ತು ದಿನಾಂಕ, ಬಳಿಕ ಸಂಬೋಧನೆ, ಆಮೇಲೆ ಒಕ್ಕಣೆ. ಇದು ಬರಿಯ ಶಿಷ್ಟಾಚಾರವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಆದರೆ ಇತಿಹಾಸಕ್ಕೆ ಸೇರಿಹೋದ ಪತ್ರಗಳನ್ನು ಓದಲು ಕುಳಿತಾಗ, ವಿಮರ್ಶೆಯ ಬೀಗದಕೈ ಈ ಕ್ರಮದಲ್ಲಿಯೇ ಇದೆಯೆಂಬುದು ಮನವರಿಕೆಯಾಗುತ್ತದೆ. ಯಾವ ದಿನ ಬರೆದದ್ದು, ಯಾರಿಗೆ ಬರೆದದ್ದು ಎಂಬೆರಡನ್ನು ಮರೆತು ಒಕ್ಕಣೆಯನ್ನು ಮಾತ್ರ ಓದಿದವರು ಪತ್ರವನ್ನು ಅರ್ಧ ಮಾತ್ರ ಓದಿದಂತೆ.

ಇದಕ್ಕೆ ಒಂದು ಮುಖ್ಯ ನಿದರ್ಶನವಾಗಿ ನಾವು ಇಲ್ಲಿ ಪರಿಶೀಲಿಸಬಯಸುವುದು, ಕವಿ ಮುಹಮ್ಮದ್ ಇಕ್ಬಾಲರು ಮುಸ್ಲಿಂ ಲೀಗಿನ ನಾಯಕರಾದ ಮುಹಮ್ಮದಾಲಿ ಜಿನ್ನಾ ಅವರಿಗೆ ೧೯೩೬ರ ಮೇ ತಿಂಗಳಿಂದ ೧೯೩೭ರ ನವೆಂಬರಿನವರೆಗೆ ಇಂಗ್ಲಿಷಿನಲ್ಲಿ ಬರೆದ ಪತ್ರಗಳ ಕಿರುಹೊತ್ತಗೆಯನ್ನು. ಲಾಹೋರಿನ ಶೇಖ್ ಮುಹಮ್ಮದ್ ಅಶ್ರಫ್ ಎಂಬ ಪ್ರಕಾಶಕರು ಇದನ್ನು ೧೯೪೦ರ ದಶಕದ ಆದಿಭಾಗದಲ್ಲಿ ಹೊರತಂದರು. ಸಂಖ್ಯೆಯಲ್ಲಿ ಹದಿನೈದನ್ನು ಮೀರದ ಈ ಪತ್ರಗಳನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಇವುಗಳ ಹೆಸರಿನಲ್ಲಿ ಎದ್ದ ವಾದವಾದರೋ ಇನ್ನೂ ಮುಗಿದಿಲ್ಲ. ಒಂದು ಪಕ್ಷದವರು ಇವುಗಳನ್ನು ಪಾಕಿಸ್ತಾನದ ಜಾತಕವೆಂದು ಕೊಂಡಾಡುತ್ತಾರೆ. ಇನ್ನೊಂದು ಪಕ್ಷದವರು ದೇಶವಿಭಜನೆಯ ಆರೋಪಪತ್ರವೆಂದು ಮುಂದಿಡುತ್ತಾರೆ. ಸ್ತುತಿಸುವವರೂ ದೂಷಿಸುವವರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆಂಬುದು ನಮ್ಮ ಅಭಿಪ್ರಾಯ. ಇಬ್ಬರೂ ೧೯೪೭ರಲ್ಲಿ ನಿಂತು ಹಿಂದಕ್ಕೆ ತಿರುಗಿ ಓದುತ್ತಾರೆ.

ಇಕ್ಬಾಲರು ಕನ್ನಡನಾಡಿಗೆ ತೀರ ಅಪರಿಚಿತರಲ್ಲ. ೧೯೦೪ರಲ್ಲಿ ಅವರು ರಚಿಸಿದ ‘ಸಾರೇ ಜಹಾಂ ಸೇ ಅಚ್ಛಾ’ ಗೀತವನ್ನು ನಮ್ಮ ಶಾಲೆಗಳ ಮಕ್ಕಳು ಹಾಡುತ್ತಾರೆ. ೧೯೨೯ರ ಜನವರಿಯಲ್ಲಿ ಮದರಾಸಿನ ಉಪನ್ಯಾಸಗಳನ್ನು ಮುಗಿಸಿಕೊಂಡು ಅವರು ಬೆಂಗಳೂರು ಮೈಸೂರುಗಳಿಗೆ ಬಂದು, ಶ್ರೀರಂಗಪಟ್ಟಣದಲ್ಲಿ ಟಿಪ್ಪೂಸುಲ್ತಾನನ ಸಮಾಧಿಯ ದರ್ಶನ ಮಾಡಿದ್ದರು. ಮರುವರ್ಷ, ೧೯೩೦ರ ಡಿಸೆಂಬರಿನಲ್ಲಿ, ಅಲಹಾಬಾದಿನ ಲೀಗ್ ಅಧಿವೇಶನದ ಅಧ್ಯಕ್ಷಪೀಠದಿಂದ ಪಂಜಾಬು, ವಾಯವ್ಯ ಗಡಿಪ್ರಾಂತ, ಸಿಂಧ್, ಬಲೂಚಿಸ್ತಾನಗಳನ್ನು ಒಂದುಗೂಡಿಸಬೇಕೆಂದು ಸೂಚಿಸಿದವರೂ ಅವರೇ.

ಈ ಪತ್ರಗಳನ್ನು ಬರೆದ ಕಾಲದಲ್ಲಿ ಇಕ್ಬಾಲರಿಗೆ ಅರುವತ್ತರ ಸಮೀಪ. ೧೯೩೪ರಿಂದ ಗಂಟಲಬೇನೆ ಅವರ ದನಿಯನ್ನು ಕಸಿದುಕೊಂಡಿತ್ತು. ಕಣ್ಣೂ ಮಂಜಾಗುತ್ತ ಬಂದಿತ್ತು. ಸಭೆಯಲ್ಲಿ ಮಾತನಾಡಲಾರದ ನಾಯಕನಿಗೆ ಉಳಿದ ದಾರಿ ಕಾಗದವೊಂದೇ. ಅವರ ಸ್ಥಾನವಾದರೂ ಎಂಥದು? ಪಂಜಾಬ್ ಪ್ರಾಂತದ ಮುಸ್ಲಿಂ ಲೀಗಿನ ಅಧ್ಯಕ್ಷತೆ. ಆ ಪ್ರಾಂತದಲ್ಲಿ ಮುಸ್ಲಿಮರೇ ಬಹುಸಂಖ್ಯಾತರು. ಆದರೂ ಅಲ್ಲಿ ಬಲವಾಗಿದ್ದುದು ಮುಸ್ಲಿಂ, ಹಿಂದೂ, ಸಿಖ್ ಭೂಮಾಲಿಕರು ಕೂಡಿ ಕಟ್ಟಿದ ಯೂನಿಯನಿಸ್ಟ್ ಪಕ್ಷ. ೧೯೩೫ರ ಶಾಸನದ ಪ್ರಕಾರ ೧೯೩೬-೩೭ರ ಚಳಿಗಾಲದಲ್ಲಿ ಚುನಾವಣೆಗಳು ನಡೆದಾಗ, ೧೭೫ ಸ್ಥಾನಗಳ ಪಂಜಾಬ್ ಶಾಸನಸಭೆಯಲ್ಲಿ ಲೀಗಿಗೆ ದೊರಕಿದ್ದು ಎರಡು ಸ್ಥಾನ. ಗೆದ್ದ ಇಬ್ಬರಲ್ಲಿ ಒಬ್ಬರು ಕೂಡಲೇ ಯೂನಿಯನಿಸ್ಟರ ಕಡೆಗೆ ಸೇರಿಹೋದರು. ಮಲಿಕ್ ಬರ್ಕತ್ ಅಲಿ ಒಬ್ಬರೇ ಉಳಿದರು. ಹೀಗೆ ಈ ಪತ್ರಗಳು ಸೋತ ಪಕ್ಷದ, ರೋಗಪೀಡಿತನಾದ ಪ್ರಾಂತಾಧ್ಯಕ್ಷನೊಬ್ಬನ ಪತ್ರಗಳು. ಈ ಹಿನ್ನೆಲೆಯನ್ನು ಬಿಟ್ಟರೆ ಇವುಗಳ ಆತುರವಾಗಲಿ ಕಳವಳವಾಗಲಿ ನಮಗೆ ತಿಳಿಯಲಾರದು.

ಇನ್ನು ಪುಸ್ತಕದ ರಚನೆಯನ್ನು ನೋಡೋಣ. ಇದಕ್ಕೆ ಮುನ್ನುಡಿ ಬರೆದವರು ಜಿನ್ನಾ ಅವರೇ. ತಮ್ಮ ಮರುಪತ್ರಗಳು ದೊರೆಯಲಿಲ್ಲವೆಂದು ಅವರು ಅಲ್ಲಿ ತಿಳಿಸುತ್ತಾರೆ. ಆ ದಿನಗಳಲ್ಲಿ ತಮಗೆ ಬರವಣಿಗೆಯ ಸಹಾಯಕರಿರಲಿಲ್ಲ, ಪ್ರತಿಗಳನ್ನು ಇಟ್ಟುಕೊಂಡಿರಲಿಲ್ಲ. ಲಾಹೋರಿನಲ್ಲಿ ಇಕ್ಬಾಲರ ಆಸ್ತಿಯನ್ನು ನೋಡಿಕೊಳ್ಳುವವರನ್ನು ವಿಚಾರಿಸಿದರೂ ಸಿಗಲಿಲ್ಲ ಎಂಬುದು ಅವರ ವಿವರಣೆ. ಜೊತೆಗೆ, ಇಕ್ಬಾಲರ ಅಭಿಪ್ರಾಯಗಳು ತಮ್ಮವುಗಳೊಡನೆ ಮುಖ್ಯವಾಗಿ ಹೊಂದಿಕೊಂಡಿದ್ದವೆಂದೂ, ಅವೇ ಮುಂದೆ ೧೯೪೦ರ ಲಾಹೋರ್ ನಿರ್ಣಯದಲ್ಲಿ ವ್ಯಕ್ತವಾದುವೆಂದೂ ಅವರು ಹೇಳುತ್ತಾರೆ. ವಿವರಣೆಯನ್ನು ಶಂಕಿಸಲು ನಮಗೆ ಕಾರಣವಿಲ್ಲ. ಆದರೆ ಇದರಿಂದ ಆದ ಪರಿಣಾಮವನ್ನು ವಾಚಕರು ಗಮನಿಸಬೇಕು. ಪತ್ರ ಬರೆದವರು ೧೯೩೮ರ ಏಪ್ರಿಲ್ ೨೧ರಂದು ತೀರಿಕೊಂಡಿದ್ದರು. ಪತ್ರ ಪಡೆದವರು ಬದುಕಿದ್ದು, ಅಖಿಲಭಾರತ ಕೀರ್ತಿಯ ಶಿಖರದಲ್ಲಿದ್ದು, ತಮಗೆ ಬಂದ ಪತ್ರಗಳಿಗೆ ತಾವೇ ಅರ್ಥವನ್ನು ಹೇಳುವ ಸ್ಥಾನದಲ್ಲಿದ್ದರು. ಪ್ರಶ್ನೆಗಳು ಒಬ್ಬರವು, ಉತ್ತರಗಳು ಕಳೆದುಹೋಗಿವೆ, ಉತ್ತರವೇನಾಗಿತ್ತೆಂಬುದಕ್ಕೆ ಐದಾರು ವರ್ಷಗಳ ಅನಂತರದ ಮುನ್ನುಡಿಯೇ ಸಾಕ್ಷಿ. ಇಂಥ ಸಾಕ್ಷಿಯನ್ನು ಪರೀಕ್ಷಿಸದೆ ಅಂಗೀಕರಿಸುವುದು ವಿಮರ್ಶೆಯ ಲಕ್ಷಣವಲ್ಲ.

ಪರೀಕ್ಷಿಸುವ ಬಗೆ ಹೇಗೆ? ಕಳೆದುಹೋದ ಉತ್ತರದ ಗುರುತುಗಳು ಎರಡು ಕಡೆ ಉಳಿದಿರುತ್ತವೆ: ಒಂದು, ಮುಂದಿನ ಪತ್ರದ ಪ್ರಾರಂಭದಲ್ಲಿ, ಇನ್ನೊಂದು, ಉತ್ತರ ಕೊಟ್ಟವರ ನಡತೆಯಲ್ಲಿ.

ಮೊದಲನೆಯದನ್ನು ತೆಗೆದುಕೊಳ್ಳೋಣ. ೧೯೩೭ರ ಮಾರ್ಚಿನಲ್ಲಿ ಕಾಂಗ್ರೆಸ್ಸಿನ ಶಾಸನಸಭಾ ಸದಸ್ಯರು ದೆಹಲಿಯಲ್ಲಿ ಸೇರಿದಾಗ ಜವಾಹರಲಾಲ ನೆಹರೂ ಅವರು ಮಾಡಿದ ಭಾಷಣ ಇಕ್ಬಾಲರನ್ನು ಕಲಕಿತು. ಮಾರ್ಚಿ ೨೦ರ ಪತ್ರದಲ್ಲಿ ಅವರು, ಮುಸ್ಲಿಮರದೂ ಅಂಥದೇ ಒಂದು ಸಮ್ಮೇಳನ ದೆಹಲಿಯಲ್ಲಿ ನಡೆಯಬೇಕೆಂದು ಒತ್ತಾಯಿಸುತ್ತಾರೆ. ದೇಶದ ಸಮಸ್ಯೆ ಆರ್ಥಿಕವಾದದ್ದೊಂದೇ ಅಲ್ಲ, ಬಹುಪಾಲು ಮುಸ್ಲಿಮರಿಗೆ ಸಂಸ್ಕೃತಿಯ ಪ್ರಶ್ನೆಯೇ ಹೆಚ್ಚಿನದು ಎಂದು ಜಗತ್ತಿಗೆ ಸಾರಬೇಕೆನ್ನುತ್ತಾರೆ. ಏಪ್ರಿಲ್ ೨೨ರಂದು ಇನ್ನೊಂದು ಪತ್ರ: ಹಿಂದಿನದು ತಲುಪಿತೋ ಇಲ್ಲವೋ ಎಂಬ ಶಂಕೆ. ಟಪಾಲಿನ ದಾರಿ ಕಾದು ಬೇಸತ್ತವರಿಗೆಲ್ಲ ಈ ಸಾಲುಗಳ ದನಿ ಪರಿಚಿತವೇ ಆಗಿದೆ. ಮೇ ೨೮ರ ಪತ್ರದ ಆದಿಯಲ್ಲಿ ಕೊನೆಗೂ ಉತ್ತರ ಬಂದಿರುವ ಸುಳಿವಿದೆ. ಲೀಗಿನ ನಿಬಂಧನೆಗಳಲ್ಲಿಯೂ ಕಾರ್ಯಕ್ರಮದಲ್ಲಿಯೂ ಆಗಬೇಕಾದ ಮಾರ್ಪಾಡುಗಳ ಬಗ್ಗೆ ತಾವು ಬರೆದದ್ದನ್ನು ಜಿನ್ನಾ ಅವರು ನೆನಪಿನಲ್ಲಿಟ್ಟುಕೊಳ್ಳುವುದಾಗಿ ತಿಳಿಸಿದ್ದು ಸಂತೋಷವೆನ್ನುತ್ತಾರೆ ಇಕ್ಬಾಲರು. ನೆನಪಿನಲ್ಲಿಟ್ಟುಕೊಳ್ಳುವುದು! ಅರ್ಜಿ ಕೊಟ್ಟು ಕಾದವರಿಗೆ ಈ ಮಾತಿನ ತೂಕವೆಷ್ಟೆಂದು ಗೊತ್ತು. ಇದು ನಿರಾಕರಣೆಯಲ್ಲ, ಅಂಗೀಕಾರವೂ ಅಲ್ಲ. ನುರಿತ ನ್ಯಾಯವಾದಿಯೊಬ್ಬನ ಸೌಜನ್ಯದ ಉತ್ತರ.

ಈ ಮೇ ೨೮ರ ಪತ್ರವೇ ಸಂಗ್ರಹದ ಶ್ರೇಷ್ಠ ಪತ್ರವೆಂದು ನಾವು ಎಣಿಸುತ್ತೇವೆ. ಇಲ್ಲಿ ಇಕ್ಬಾಲರು ಲೀಗಿನ ಮುಂದೆ ಒಂದು ನಿಷ್ಠುರವಾದ ಪ್ರಶ್ನೆಯನ್ನಿಡುತ್ತಾರೆ. ಅದು ಮೇಲುವರ್ಗದ ಮುಸ್ಲಿಮರ ಕೂಟವಾಗಿಯೇ ಉಳಿಯಬೇಕೋ, ಇದುವರೆಗೆ ಅದರಲ್ಲಿ ಆಸಕ್ತಿ ವಹಿಸದಿದ್ದ ಸಾಮಾನ್ಯ ಜನರ ಸಂಸ್ಥೆಯಾಗಬೇಕೋ? ಹೊಸ ಶಾಸನದಿಂದ ದೊಡ್ಡ ಹುದ್ದೆಗಳು ದೊಡ್ಡವರ ಮಕ್ಕಳಿಗೂ, ಸಣ್ಣವು ಮಂತ್ರಿಗಳ ಬಂಧುಮಿತ್ರರಿಗೂ ಹೋಗುತ್ತವೆ. ಬಡವನ ರೊಟ್ಟಿಯ ಪ್ರಶ್ನೆ ದಿನದಿನಕ್ಕೆ ತೀವ್ರವಾಗುತ್ತಿದೆ ಎಂದು ಅವರು ಬರೆಯುತ್ತಾರೆ. ಬಡ ಮುಸ್ಲಿಮನು ತನ್ನ ದೈನ್ಯಕ್ಕೆ ಹಿಂದೂ ಸಾಹುಕಾರನ ಬಡ್ಡಿಯೇ ಕಾರಣವೆನ್ನುತ್ತಾನೆ. ಪರರಾಜ್ಯವೂ ಅಷ್ಟೇ ಕಾರಣವೆಂಬ ಅರಿವು ಅವನಿಗೆ ಇನ್ನೂ ಪೂರ್ತಿಯಾಗಿ ಬಂದಿಲ್ಲ ಎಂದು ಸೇರಿಸುವುದನ್ನೂ ಅವರು ಮರೆಯುವುದಿಲ್ಲ. ಕವಿಯಾದವರು ಇಲ್ಲಿ ಉಪಮೆ ರೂಪಕಗಳನ್ನು ಬದಿಗಿಟ್ಟು, ಲೆಕ್ಕ ಒಪ್ಪಿಸುವವರಂತೆ ಬರೆದಿರುವುದು ಮೆಚ್ಚತಕ್ಕದ್ದು. ಸ್ವಪಕ್ಷದ ದೋಷವನ್ನು ಸ್ವಪಕ್ಷದ ನಾಯಕನಿಗೇ ಎತ್ತಿ ತೋರಿಸುವ ಧೈರ್ಯವಂತೂ ಎಲ್ಲ ಕಾಲಕ್ಕೂ ದುರ್ಲಭ.

ಆದರೆ ಗುಣದ ಜೊತೆಯಲ್ಲಿಯೇ ದೋಷವೂ ಇದೆ. ರೊಟ್ಟಿಯ ಪ್ರಶ್ನೆಯಿಂದ ಹೊರಟ ಪತ್ರ ಎರಡೇ ಹೆಜ್ಜೆಗಳಲ್ಲಿ ರಾಜ್ಯದ ಪ್ರಶ್ನೆಯನ್ನು ಮುಟ್ಟಿಬಿಡುತ್ತದೆ. ಇಸ್ಲಾಮೀ ಧರ್ಮಶಾಸನವನ್ನು ಸರಿಯಾಗಿ ಅರ್ಥಮಾಡಿಕೊಂಡು ಆಚರಣೆಗೆ ತಂದರೆ ಪ್ರತಿಯೊಬ್ಬನ ಜೀವನೋಪಾಯವೂ ಭದ್ರವಾಗುತ್ತದೆ, ಇದು ಮೊದಲನೆಯ ಹೆಜ್ಜೆ. ಆ ಆಚರಣೆ ಸ್ವತಂತ್ರವಾದ ಒಂದು ಮುಸ್ಲಿಂ ರಾಜ್ಯವಾಗಲಿ ಕೆಲವು ರಾಜ್ಯಗಳಾಗಲಿ ಇಲ್ಲದೆ ಸಾಧ್ಯವಿಲ್ಲ, ಇದು ಎರಡನೆಯದು. ಹೊಲ ಯಾರದು, ಗೇಣಿ ಎಷ್ಟು, ಪಂಜಾಬಿನ ಮುಸ್ಲಿಂ ಜಮೀನುದಾರನ ಒಕ್ಕಲಾದ ಮುಸ್ಲಿಮನಿಗೆ ಈ ರಾಜ್ಯದಿಂದ ಏನು ದೊರಕೀತು ಎಂಬ ವಿವರಕ್ಕೆ ಪತ್ರ ಇಳಿಯುವುದೇ ಇಲ್ಲ. ಎರಡು ತಿಂಗಳ ಹಿಂದೆ ಆರ್ಥಿಕ ಸಮಸ್ಯೆಗಿಂತ ಸಂಸ್ಕೃತಿಯ ಸಮಸ್ಯೆ ದೊಡ್ಡದೆಂದಿದ್ದ ಲೇಖನಿ ಈಗ ರೊಟ್ಟಿಯನ್ನು ಮುಂದಿಟ್ಟಿದೆಯೆಂಬುದನ್ನೂ ಮರೆಯಬಾರದು. ಇದನ್ನು ನಾವು ಚಂಚಲತೆಯೆನ್ನುವುದಿಲ್ಲ. ಪತ್ರವೆಂದರೆ ಹೀಗೆಯೇ, ಅದರಲ್ಲಿ ಮನಸ್ಸು ನಡೆಯುತ್ತಿರುತ್ತದೆ, ನಿಂತಿರುವುದಿಲ್ಲ. ಇದನ್ನು ಸಿದ್ಧಾಂತಗ್ರಂಥವೆಂದು ಓದುವವರು ನಡೆಯುತ್ತಿರುವವನ ಒಂದು ಹೆಜ್ಜೆಯನ್ನು ಹಿಡಿದು ಅದೇ ಅವನ ಊರೆಂದು ಹೇಳಿದಂತಾಗುತ್ತದೆ.

ಎರಡನೆಯ ಗುರುತು ನಡತೆಯದು ಎಂದೆವು. ಜೂನ್ ೨೧ರ ಪತ್ರ ರಹಸ್ಯವೆಂದು ಗುರುತುಮಾಡಿದ ಪತ್ರ. ಮುಸ್ಲಿಂ ಪ್ರಾಂತಗಳ ಪ್ರತ್ಯೇಕ ಸಂಯುಕ್ತ ವ್ಯವಸ್ಥೆ ಬೇಕೆಂದು ಅಲ್ಲಿ ಸ್ಪಷ್ಟವಾಗಿ ಕೇಳಲಾಗಿದೆ. ಜೊತೆಗೆ ಇನ್ನೊಂದು ಸಲಹೆಯುಂಟು: ವಾಯವ್ಯ ಭಾಗದ ಮತ್ತು ಬಂಗಾಳದ ಮುಸ್ಲಿಮರು ಸದ್ಯಕ್ಕೆ ಅಲ್ಪಸಂಖ್ಯಾತ ಪ್ರಾಂತಗಳನ್ನು ಗಣನೆಗೆ ತೆಗೆದುಕೊಳ್ಳಬಾರದು, ಅದು ಎರಡು ಬಗೆಯ ಪ್ರಾಂತಗಳಿಗೂ ಹಿತ. ಆದ್ದರಿಂದ ಮುಂದಿನ ಅಧಿವೇಶನ ಲಾಹೋರಿನಲ್ಲಿಯೇ ಆಗಲಿ. ಆಗಸ್ಟಿನಲ್ಲಿ ಅಲ್ಲಿಯ ಹವೆ ಚೆನ್ನಾಗಿರುವುದಿಲ್ಲ, ಅಕ್ಟೋಬರ್ ನಡುವಿನಲ್ಲಿ ಹಿತವಾಗಿರುತ್ತದೆ ಎಂಬ ಆತಿಥೇಯನ ಮಾತೂ ಇದೆ. ಆಗಸ್ಟಿನಲ್ಲಿ ಮತ್ತೆ ಅದೇ ಆಹ್ವಾನ. ಅಕ್ಟೋಬರ್ ಬಂದಿತು; ಅಧಿವೇಶನವೂ ಸೇರಿತು. ಆದರೆ ಸೇರಿದ್ದು ಲಖನೌದಲ್ಲಿ, ಮುಸ್ಲಿಮರು ಅಲ್ಪಸಂಖ್ಯಾತರಾಗಿದ್ದ ಸಂಯುಕ್ತ ಪ್ರಾಂತದಲ್ಲಿ. ಕಳೆದುಹೋದ ಮರುಪತ್ರದಲ್ಲಿ ಏನಿತ್ತೋ ತಿಳಿಯದಿದ್ದರೂ, ಊರಿನ ಹೆಸರೇ ಇಲ್ಲಿ ಉತ್ತರವಾಗಿದೆ.

ಈ ಸಲಹೆಯನ್ನು ಓದುವಾಗ ನಮ್ಮ ವಾಚಕರು ತುಸು ನಿಲ್ಲಬೇಕು. ಅಲ್ಪಸಂಖ್ಯಾತ ಪ್ರಾಂತಗಳೆಂದರೆ ಎಲ್ಲೋ ದೂರದವುಗಳಲ್ಲ. ಆಗಿನ ಮುಂಬಯಿ ಪ್ರಾಂತದಲ್ಲಿ ಸೊಲ್ಲಾಪುರವೂ ಧಾರವಾಡ, ಬೆಳಗಾವಿ, ಬಿಜಾಪುರಗಳೂ ಇದ್ದುವು; ಮದರಾಸು ಪ್ರಾಂತದಲ್ಲಿ ಕಾಸರಗೋಡು, ಆದವಾನಿ, ರಾಯದುರ್ಗ, ಹೊಸೂರುಗಳಿದ್ದುವು. ನಮ್ಮ ಊರುಗಳ ಸಂತೆಯಲ್ಲಿ, ಶಾಲೆಯಲ್ಲಿ, ನೆರೆಯಲ್ಲಿ ಬಾಳುತ್ತಿದ್ದ ಮುಸ್ಲಿಮರೇ ಆ ರಹಸ್ಯಪತ್ರದಲ್ಲಿ ಸದ್ಯಕ್ಕೆ ಬದಿಗಿರಿಸಬೇಕಾದವರು. ಅವರ ಅಭಿಪ್ರಾಯವನ್ನು ಕೇಳಿದವರಿಲ್ಲ. ಅವರಿಗೂ ಇದು ಹಿತವೆಂದು ಹೇಗೆ ನಿರ್ಧರಿಸಲಾಯಿತೆಂಬುದಕ್ಕೆ ಪತ್ರದಲ್ಲಿ ಒಂದು ವಾಕ್ಯದ ವಿವರಣೆಯೂ ಇಲ್ಲ. ದೇಶ ಒಡೆದು, ಕೋಟಿಗೂ ಮಿಕ್ಕಿದ ಜನ ಮನೆಮಾರು ಕಳೆದುಕೊಂಡು ಆಚೀಚೆ ಹೋದ ಮೇಲೆಯೂ, ೧೯೫೧ರ ಜನಗಣತಿಯಲ್ಲಿ ಭಾರತದ ಮುಸ್ಲಿಮರ ಸಂಖ್ಯೆ ಸುಮಾರು ಮೂರೂವರೆ ಕೋಟಿಯಾಗಿತ್ತು. ಗೆರೆ ಎಳೆಯುವವರು ಗೆರೆಯಾಚೆ ಉಳಿಯುವವರ ಲೆಕ್ಕವನ್ನು ಕೊನೆಗೆ ಹಾಕುತ್ತಾರೆಂಬುದನ್ನು, ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊರಗುಳಿದ ಕನ್ನಡಿಗರಾದ ನಾವು ನಮ್ಮದೇ ಆದ ಕಿರಿದಾದ ಅನುಭವದಿಂದ ಬಲ್ಲೆವು. ನಮ್ಮ ಕಷ್ಟವನ್ನು ಆ ಮಹಾದುಃಖದೊಡನೆ ಹೋಲಿಸುವುದು ಸಲ್ಲದು. ಪತ್ರದ ಈ ಸಾಲಿನಲ್ಲಿ ಯಾರ ದನಿ ಕೇಳಿಸುತ್ತಿಲ್ಲವೆಂದು ಗುರುತಿಸಲು ಆ ಅನುಭವ ನೆರವಾಗುತ್ತದೆಂದಷ್ಟೇ ನಮ್ಮ ಮಾತು.

ಲಖನೌದಲ್ಲಿ ಇನ್ನೊಂದು ಘಟನೆ ನಡೆಯಿತು. ಪಂಜಾಬಿನ ಪ್ರಧಾನಮಂತ್ರಿಗಳಾದ ಸರ್ ಸಿಕಂದರ್ ಹಯಾತ್ ಖಾನರು ಜಿನ್ನಾ ಅವರೊಡನೆ ಒಪ್ಪಂದ ಮಾಡಿಕೊಂಡು, ತಮ್ಮ ಪಕ್ಷದ ಮುಸ್ಲಿಂ ಸದಸ್ಯರು ಲೀಗನ್ನು ಸೇರುವುದಕ್ಕೆ ಸಮ್ಮತಿಸಿದರು. ಮಂತ್ರಿಮಂಡಲವು ಯೂನಿಯನಿಸ್ಟರದೇ ಆಗಿ ಮುಂದುವರಿಯಿತು. ಅಕ್ಟೋಬರ್ ಕೊನೆಯ ಮತ್ತು ನವೆಂಬರಿನ ಪತ್ರಗಳೆಲ್ಲ ಈ ಗಂಟನ್ನು ಬಿಡಿಸುವ ಯತ್ನಗಳು. ಇವುಗಳಲ್ಲಿ ಕನಸುಗಳಿಲ್ಲ. ಒಪ್ಪಂದದ ಪ್ರತಿಯನ್ನು ಕಳುಹಿಸಿರಿ. ಪ್ರಾಂತದ ಚುನಾವಣಾ ಮಂಡಲಿ ಯೂನಿಯನಿಸ್ಟರ ಕೈಯಲ್ಲಿರಲೆಂದು ನೀವು ಒಪ್ಪಿದಿರಾ ಎಂದು ಇಕ್ಬಾಲರು ಕೇಳುತ್ತಾರೆ. ನವೆಂಬರ್ ೧೦ರ ಹೊತ್ತಿಗೆ, ಸಿಕಂದರರು ಬಯಸುವುದು ಲೀಗಿನ ಮೇಲೆ ಸಂಪೂರ್ಣ ಹತೋಟಿಯನ್ನೇ ಎಂಬ ನಿರ್ಣಯಕ್ಕೆ ಅವರು ಬಂದಿದ್ದಾರೆ. ಈ ಪತ್ರಗಳನ್ನು ಸಾಮಾನ್ಯವಾಗಿ ವಾಚಕರು ಹಾರಿಸಿಬಿಡುತ್ತಾರೆ. ರಾಷ್ಟ್ರಗಳ ಭವಿಷ್ಯದ ಪತ್ರಗಳ ಪಕ್ಕದಲ್ಲಿ ಇವು ಸಪ್ಪೆಯೆನಿಸುತ್ತವೆ. ನಮಗೆ ಇವೇ ಅತ್ಯಂತ ಸತ್ಯವಾಗಿ ಕಾಣುತ್ತವೆ. ಬಡವರ ಸಂಸ್ಥೆಯಾಗಬೇಕೆಂದು ಇಕ್ಬಾಲರು ಬಯಸಿದ್ದ ಲೀಗು ಐದು ತಿಂಗಳೊಳಗೆ ಭೂಮಾಲಿಕರೊಡನೆ ರಾಜಿ ಮಾಡಿಕೊಂಡಿತ್ತು. ರಾಜಿಯ ನಿಬಂಧನೆಗಳೇನೆಂಬುದು ಪ್ರಾಂತಾಧ್ಯಕ್ಷರಿಗೇ ಸರಿಯಾಗಿ ತಿಳಿದಿರಲಿಲ್ಲ. ಮೇ ತಿಂಗಳ ಪ್ರಶ್ನೆಗೆ ಬಂದ ನಿಜವಾದ ಉತ್ತರ ಇದೇ.

ಇದರಿಂದ ಮುನ್ನುಡಿಯ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ನಿರ್ಧಾರವಾಗುತ್ತದೆ. ೧೯೪೦ರ ಮಾರ್ಚಿಯಲ್ಲಿ ಲೀಗು ಲಾಹೋರಿನಲ್ಲಿ ಸೇರಿದ್ದೂ, ಅಲ್ಲಿಯ ನಿರ್ಣಯ ಇಕ್ಬಾಲರ ಸೂಚನೆಯನ್ನು ಹೋಲುವುದೂ ನಿಜ. ಆ ನಿರ್ಣಯವೂ ರಾಜ್ಯಗಳೆಂದು ಬಹುವಚನದಲ್ಲಿಯೇ ಹೇಳಿತ್ತು. ಒಂದೇ ರಾಜ್ಯವೆಂಬ ಮಾತು ೧೯೪೬ರ ಏಪ್ರಿಲಿನಲ್ಲಿ ದೆಹಲಿಯಲ್ಲಿ ನಡೆದ ಶಾಸನಸಭಾ ಸದಸ್ಯರ ಸಮ್ಮೇಳನದಲ್ಲಿ ಸ್ಥಿರವಾಯಿತು. ಆದರೆ ೧೯೩೭ರಲ್ಲಿ ಇಬ್ಬರೂ ಒಮ್ಮತದಲ್ಲಿದ್ದರೆಂಬುದಕ್ಕೆ ಪತ್ರಗಳೂ ಪುಷ್ಟಿ ಕೊಡುವುದಿಲ್ಲ, ಘಟನೆಗಳೂ ಕೊಡುವುದಿಲ್ಲ. ಒಬ್ಬರು ಬಹುಸಂಖ್ಯಾತ ಪ್ರಾಂತದಿಂದ ನೋಡುತ್ತಿದ್ದರು. ಇನ್ನೊಬ್ಬರು ಅಖಿಲ ಭಾರತದ ಸಂಸ್ಥೆಯನ್ನು, ಅದರಲ್ಲೂ ಅಲ್ಪಸಂಖ್ಯಾತ ಪ್ರಾಂತಗಳ ಅನುಯಾಯಿಗಳನ್ನು ಕೈಬಿಡಲಾರದೆ ಹೆಜ್ಜೆಯಿಡುತ್ತಿದ್ದರು. ಒಮ್ಮತವು ಮೂರು ವರ್ಷಗಳ ಮೇಲೆ ಆದದ್ದು; ಅದನ್ನು ಹಿಂದಕ್ಕೆ ಒಯ್ದದ್ದು ಮುನ್ನುಡಿ.

ಇನ್ನೊಂದು ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ೧೯೩೪ರ ಮಾರ್ಚಿಯಲ್ಲಿ ಇಕ್ಬಾಲರು ಇಂಗ್ಲೆಂಡಿನ ಲೇಖಕ ಎಡ್ವರ್ಡ್ ಥಾಂಪ್ಸನ್ನರಿಗೆ ಬರೆಯುತ್ತ, ಪಾಕಿಸ್ತಾನವೆಂಬುದು ತಮ್ಮ ಯೋಜನೆಯಲ್ಲ, ತಾವು ಸೂಚಿಸಿದ್ದು ಭಾರತದ ಸಂಯುಕ್ತ ವ್ಯವಸ್ಥೆಯೊಳಗಿನ ಒಂದು ಮುಸ್ಲಿಂ ಪ್ರಾಂತವೆಂದು ತಿಳಿಸಿದ್ದರು. ಒಂದು ಪಕ್ಷದವರು ಈ ಪತ್ರವನ್ನೂ, ಮತ್ತೊಂದು ಪಕ್ಷದವರು ೧೯೩೭ರ ಪತ್ರಗಳನ್ನೂ ಹಿಡಿದು ನಿಜವಾದ ಇಕ್ಬಾಲರು ತಮ್ಮಲ್ಲಿಯೇ ಇದ್ದಾರೆನ್ನುತ್ತಾರೆ. ದಿನಾಂಕವನ್ನೂ ಸಂಬೋಧನೆಯನ್ನೂ ನೋಡಿದರೆ ಜಗಳ ಅರ್ಧ ತೀರುತ್ತದೆ. ಅದು ಚುನಾವಣೆಗೆ ಮೂರು ವರ್ಷ ಮೊದಲು ಆಂಗ್ಲ ಮಿತ್ರನಿಗೆ ಬರೆದದ್ದು. ಇದು ಚುನಾವಣೆಯ ಸೋಲಿನ ಬಳಿಕ ತನ್ನ ನಾಯಕನಿಗೆ ಬರೆದದ್ದು.

ಎರಡು ಕಡೆಯ ಪತ್ರಗಳೂ ಉಳಿದಿದ್ದರೆ ಸತ್ಯ ತಾನಾಗಿ ಹೊಳೆಯುತ್ತಿತ್ತೇ? ಹಾಗೆಂದು ನಂಬಲಾಗದು. ೧೯೪೪ರ ಸೆಪ್ಟೆಂಬರ್ ೯ರಿಂದ ೨೭ರವರೆಗೆ ಗಾಂಧೀಜಿಯವರೂ ಜಿನ್ನಾ ಅವರೂ ಮುಂಬಯಿಯಲ್ಲಿ ಮಾತುಕತೆ ನಡೆಸಿದರು. ಎದುರೆದುರು ಕುಳಿತು ಮಾತನಾಡಿದವರು ಮನೆಗೆ ಹೋಗಿ ಪರಸ್ಪರ ಪತ್ರಗಳನ್ನು ಬರೆದರು. ಮಾತುಕತೆ ಮುರಿದೊಡನೆ ಅವು ಅಚ್ಚಾದುವು. ಅಲ್ಲಿ ಪ್ರಶ್ನೆಯೂ ಇದೆ, ಉತ್ತರವೂ ಇದೆ. ಆದರೂ ಇಬ್ಬರ ಹೆಗಲ ಮೇಲಿಂದಲೂ ದೇಶವೇ ಇಣಿಕಿ ಓದುತ್ತಿದೆಯೆಂಬ ಎಚ್ಚರ ಆ ಪತ್ರಗಳಲ್ಲಿ ಕಾಣುತ್ತದೆ. ಇಕ್ಬಾಲರ ಪತ್ರಗಳಲ್ಲಿ ಆ ಎಚ್ಚರ ಕಡಿಮೆ. ಮತ್ತೆ ಮತ್ತೆ ಬರೆದು ತೊಂದರೆ ಕೊಡುತ್ತಿದ್ದೇನೆಂಬ ಸಂಕೋಚ, ಹವೆಯ ಮಾತು, ತಲುಪಿತೋ ಇಲ್ಲವೋ ಎಂಬ ಕಳವಳ ಇವು ಅಚ್ಚಿಗಾಗಿ ಬರೆದವಲ್ಲ. ಅರ್ಧವೇ ಉಳಿದಿದ್ದರೂ ಈ ಪತ್ರಗಳು ಜೀವಂತವಾಗಿರುವುದು ಈ ಕಾರಣದಿಂದ.

ಅಧ್ಯಾಪಕ ಬಂಧುಗಳಿಗೆ ಒಂದು ಸೂಚನೆ. ಮೇಲಿನ ತರಗತಿಗಳಲ್ಲಿ ಈ ಪ್ರಕರಣವನ್ನು ಪಾಠ ಹೇಳುವಾಗ ಹಲಗೆಯ ಮೇಲೆ ಮೊದಲು ೧೯೩೭, ಜೂನ್ ೨೧ ಎಂದು ಬರೆಯಿರಿ. ಪತ್ರದ ಸಾರಾಂಶವನ್ನು ತಿಳಿಸಿ, ಜಿನ್ನಾ ಅವರ ಮರುಪತ್ರವನ್ನು ಬರೆಯುವಂತೆ ಮಕ್ಕಳಿಗೆ ಹೇಳಿರಿ. ನಿಯಮ ಒಂದೇ: ಆ ದಿನಾಂಕದ ಮುಂದಿನ ಯಾವ ಸಂಗತಿಯೂ ಅದರಲ್ಲಿ ಬರಕೂಡದು. ಲಾಹೋರಿನ ನಿರ್ಣಯವನ್ನೋ ದೇಶವಿಭಜನೆಯನ್ನೋ ತಿಳಿದವರಂತೆ ಬರೆದರೆ ಅಂಕವಿಲ್ಲ. ಬಳಿಕ, ಸೊಲ್ಲಾಪುರದಲ್ಲಿಯೋ ಆದವಾನಿಯಲ್ಲಿಯೋ ಇದ್ದ ಮುಸ್ಲಿಂ ಉಪಾಧ್ಯಾಯನೊಬ್ಬನ ಕೈಗೆ ಆ ರಹಸ್ಯಪತ್ರ ಅಕಸ್ಮಾತ್ತಾಗಿ ಸಿಕ್ಕಿದ್ದರೆ ಅವನು ಲಾಹೋರಿಗೆ ಏನು ಬರೆಯುತ್ತಿದ್ದನೆಂದು ಕೇಳಿರಿ. ಈ ಎರಡನೆಯ ಪತ್ರವನ್ನು ಬರೆಯಲು ಮಕ್ಕಳಿಗೆ ಹೆಚ್ಚು ಹೊತ್ತು ಬೇಕಾದೀತು, ಕೊಡಿರಿ.